ಇಲ್ಲಿ ಉಪಕಾರಿ, ಅಲ್ಲಿ ಪೀಡೆ: ಗೊರವಂಕ ಕಲಿಸುವ ಪಾಠ



ಬೋರನಕಣಿವೆ ಜಲಾಶಯದ ಅಂಚಿನಲ್ಲಿ ದನ ಮೇಯಿಸುವಾಗ ಅವುಗಳ ಕಾಲ ಬಳಿಯೇ ಓಡಾಡುವ ಗೊರವಂಕವನ್ನು ತಾವು ನಿತ್ಯ ನೋಡಿರುತ್ತೀರಿ. ದನದ ಹೆಜ್ಜೆಗೆ ಬೆದರಿ ಹಾರುವ ಮಿಡತೆಗಳನ್ನು ತಿನ್ನುವ ಈ ಹಕ್ಕಿ ರೈತನಿಗೆ ಉಪಕಾರಿ. ಆದರೆ ಇದೇ ಹಕ್ಕಿ ಬೇರೆ ದೇಶಗಳಲ್ಲಿ ದೊಡ್ಡ ಪೀಡೆಯಾಗಿದೆ ಎಂದರೆ ತಮಗೆ ಆಶ್ಚರ್ಯವಾಗಬಹುದು.

ತರಕಾರಿ ತೋಟಗಳ ಕೀಟ ತಿನ್ನಲೆಂದು 1862ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನ್‌ಗೂ, ಬೆಳೆಯ ಹುಳು ತಿನ್ನಲೆಂದು 1865ರಲ್ಲಿ ಹವಾಯಿ ದ್ವೀಪಗಳಿಗೂ ಗೊರವಂಕವನ್ನು ಒಯ್ದು ಬಿಟ್ಟರು. ಅಲ್ಲಿ ಅದು ಮರದ ಪೊಟರೆಗಳನ್ನು ಆಕ್ರಮಿಸಿ, ಸ್ಥಳೀಯ ಹಕ್ಕಿಗಳ ಮೊಟ್ಟೆ-ಮರಿಗಳನ್ನು ಹೊರದೂಡಿತು. ಹಣ್ಣಿನ ಬೆಳೆಯನ್ನೂ ಹಾಳುಮಾಡಿತು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2000ದಲ್ಲಿ ಪ್ರಕಟಿಸಿದ ಅತಿ ಹಾನಿಕರ 100 ಪರಕೀಯ ಜೀವಿಗಳ ಪಟ್ಟಿಯಲ್ಲಿರುವ ಹಕ್ಕಿಗಳು ಮೂರು. ಅವುಗಳಲ್ಲಿ ಎರಡು ನಮ್ಮವೇ: ಗೊರವಂಕ ಮತ್ತು ಬಾಲದ ಬುಡ ಕೆಂಪಗಿರುವ ಪಿಕಳಾರ.

ಹವಾಯಿಯಲ್ಲಿ ಇನ್ನೊಂದು ಅನಾಹುತವೂ ಆಯಿತು. ಅಮೆರಿಕ ಖಂಡದ ಲಂಟಾನ ಗಿಡ ಅಲ್ಲಿಗೆ ಮೊದಲೇ ಬಂದಿತ್ತು. ಗೊರವಂಕಗಳು ಅದರ ಹಣ್ಣು ತಿಂದು, ಹಿಕ್ಕೆಯ ಮೂಲಕ ಬೀಜವನ್ನು ಹುಲ್ಲುಗಾವಲಿಗೆಲ್ಲ ಹರಡಿದವು.

ಈ ಲಂಟಾನ ನಮಗೂ ಹೊಸದಲ್ಲ. ಬಣ್ಣದ ಗೊಂಚಲು ಹೂ ಬಿಟ್ಟು, ಕಪ್ಪು ಹಣ್ಣು ಕೊಡುವ ಪೊದೆ ಇದು. 1809ರ ಸುಮಾರಿಗೆ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದದ್ದು, ಈಗ ಬೇಲಿ, ಗುಡ್ಡ, ಗೋಮಾಳಗಳನ್ನು ಸೇರಿದೆ. ಇಲ್ಲಿಯೂ ಅದರ ಬೀಜ ಹರಡುವುದು ಹಕ್ಕಿಗಳೇ.

ಬೇಸಿಗೆಯಲ್ಲಿ ಮೇವು ಸಾಲದೆ ಹಸಿದ ದನ ಲಂಟಾನ ಸೊಪ್ಪಿಗೆ ಬಾಯಿ ಹಾಕಿದರೆ ಪಿತ್ತಜನಕಾಂಗ ಕೆಡುತ್ತದೆ. ಮೇವು ಬಿಡುವುದು, ಸಗಣಿ ಗಟ್ಟಿಯಾಗುವುದು, ಕಣ್ಣು ಹಳದಿಯಾಗುವುದು, ಬಿಸಿಲಿಗೆ ಮೂತಿ ಹಾಗೂ ಬಿಳಿ ಚರ್ಮ ಸುಲಿಯುವುದು ಇದರ ಲಕ್ಷಣಗಳು. ಹಾಲು ಇಳಿಯುತ್ತದೆ, ವಿಷ ಹೆಚ್ಚಾದರೆ ರಾಸು ಉಳಿಯುವುದಿಲ್ಲ.

ಆದ್ದರಿಂದ ಸದಸ್ಯರು ಗಮನಿಸಬೇಕಾದ ಅಂಶಗಳು:

1. ಹಣ್ಣಾಗುವ ಮೊದಲೇ ಲಂಟಾನವನ್ನು ಬೇರುಸಹಿತ ಕೀಳಿರಿ. ಬರೀ ಕಡಿದರೆ ಮತ್ತೆ ಚಿಗುರುತ್ತದೆ.
2. ಬೇಲಿಗೆ ಅದನ್ನು ಬೆಳೆಸಬೇಡಿ. ಮೇವಾಗುವ ಗ್ಲಿರಿಸಿಡಿಯಾ ಅಥವಾ ಸುಬಾಬುಲ್ ಹಾಕಬಹುದು.
3. ಹಸಿದ ರಾಸನ್ನು ಲಂಟಾನ ಇರುವ ಕಡೆ ಬಿಡಬೇಡಿ. ಮೊದಲು ಸ್ವಲ್ಪ ಒಣಮೇವು ಕೊಡಿ.
4. ಲಕ್ಷಣ ಕಂಡ ಕೂಡಲೇ ರಾಸನ್ನು ನೆರಳಿನಲ್ಲಿ ಕಟ್ಟಿ, ಪಶುವೈದ್ಯರನ್ನು ಕರೆಸಿ. ವಿಷದ ಸೊಪ್ಪು ಹೊಟ್ಟೆಯಲ್ಲೇ ಉಳಿದು ದಿನಗಟ್ಟಲೆ ಮೈಗೆ ಏರುತ್ತಿರುತ್ತದೆ, ತಡ ಮಾಡಬಾರದು.
5. ಸಾಕಲು ತಂದ ಪರದೇಶದ ಹಕ್ಕಿ, ಮೀನುಗಳನ್ನು ತೋಟಕ್ಕೆ, ಕೆರೆಗೆ ಬಿಡಬೇಡಿ.

ಗೊರವಂಕವನ್ನು ದೂರುವುದು ಬೇಡ. ತನ್ನ ನೆಲದಲ್ಲಿ ಅದು ನಮ್ಮ ಮಿತ್ರ. ಜೀವಿಯನ್ನು ಅದರದ್ದಲ್ಲದ ನೆಲಕ್ಕೆ ಒಯ್ದವರು ಮನುಷ್ಯರು. ನಷ್ಟ ಅನುಭವಿಸುತ್ತಿರುವವರೂ ನಾವೇ.