ಪಕ್ಕಪಕ್ಕದಲ್ಲಿರಿಸಿ ನೋಡುವ ವಿದ್ಯೆ

ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸಹ್ಯಾದ್ರಿ, ಇವೆರಡರ ನಡುವಣ ಕಿರಿದಾದ ಭೂಭಾಗದಲ್ಲಿಯೇ ಅಳಿವೆ, ಬೈಲು, ಮಜಲು, ಬೆಟ್ಟು, ಹಾಡಿಗಳನ್ನೆಲ್ಲ ಅಡಕಮಾಡಿಕೊಂಡಿರುವ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಎಳೆಯ ಮಕ್ಕಳಿಗೆ ಸಸ್ಯಗಳ ಮತ್ತು ಪ್ರಾಣಿಗಳ ಪರಿಚಯವನ್ನು ಮಾಡಿಕೊಡಲು ದೂರದ ಮೃಗಾಲಯವಾಗಲಿ ಬೆಲೆಬಾಳುವ ಉಪಕರಣವಾಗಲಿ ಬೇಕಾಗದು. ಬೇಕಾದುದು ಒಂದು ಕ್ರಮ. ಕಣ್ಣೆದುರಿನ ವೈವಿಧ್ಯವು ಬರಿಯ ಬೆರಗಾಗಿ ಕಳೆದುಹೋಗದೆ ತಿಳಿವಳಿಕೆಯಾಗಿ ನಿಲ್ಲುವಂತೆ ಮಾಡುವ ಕ್ರಮವದು. ಈ ನಾಡಿಗೆ ಅದು ಅಪರಿಚಿತವೂ ಅಲ್ಲ.

1902ನೆಯ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರು ಕಾದಂಬರಿಕಾರರೆಂದೂ ಯಕ್ಷಗಾನದ ಪ್ರಯೋಗಶೀಲರೆಂದೂ ವಿಖ್ಯಾತರಾದರೂ, ಪುತ್ತೂರಿನ ತಮ್ಮ ಬಾಲವನದಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಆಟ, ಹಾಡು, ನಾಟಕ, ಚಿತ್ರಗಳ ಮೂಲಕ ಕಲಿಸುವ ಪ್ರಯೋಗವನ್ನು ಕೈಕೊಂಡ ಶಿಕ್ಷಣಚಿಂತಕರೂ ಆಗಿದ್ದರು. ಬಾಯಿಪಾಠದ ವಿದ್ಯೆಯಲ್ಲಿ ಕಿಂಚಿತ್ತೂ ವಿಶ್ವಾಸವಿಲ್ಲದಿದ್ದ ಅವರು 1936ರ ಸುಮಾರಿಗೆ ‘ಬಾಲಪ್ರಪಂಚ’ದ 3 ಸಂಪುಟಗಳನ್ನೂ, ಮುಂದೆ ‘ವಿಜ್ಞಾನ ಪ್ರಪಂಚ’ದ 4 ಸಂಪುಟಗಳನ್ನೂ ಏಕಾಂಗಿಯಾಗಿ ರಚಿಸಿಕೊಟ್ಟರು, ಹಕ್ಕಿಗಳನ್ನು ಕುರಿತೂ ಪ್ರಾಣಿಗಳನ್ನು ಕುರಿತೂ ಬರೆದರು, ರೇಚಲ್ ಕಾರ್ಸನ್ ಎಂಬ ಅಮೆರಿಕದ ವಿಜ್ಞಾನ ಲೇಖಕಿಯ ಕಡಲನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಕನ್ನಡಕ್ಕೆ ತಂದರು. ಬಾಳಿನ ಕೊನೆಯ ವರ್ಷಗಳನ್ನು ಹುಟ್ಟೂರಿಗೆ ನೆರೆಯದಾದ ಸಾಲಿಗ್ರಾಮದಲ್ಲಿ ಕಳೆದ ಈ ಮಹನೀಯರಿಗೆ, ಲೋಕವನ್ನು ಮೊದಲು ಕಣ್ಣಿನಿಂದ ಓದಬೇಕೆಂಬ ದೀಕ್ಷೆಯನ್ನು ಕೊಟ್ಟುದು ಈ ಕರಾವಳಿಯೇ ಎಂದರೆ ತಪ್ಪಾಗಲಾರದು.

ಇಂದಿನ ಸರಕಾರಿ ಕನ್ನಡ ಶಾಲೆಗಳಲ್ಲಿ ಇದೇ ದಾರಿಯ ಮುಂದುವರಿಕೆಯೆಂಬಂತೆ ಕಾಣುವುದು ‘ನಲಿ-ಕಲಿ’ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, 2009-10ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ವ್ಯಾಪಿಸಿದ ಈ ಪದ್ಧತಿಯಲ್ಲಿ ಮಕ್ಕಳು ಗುಂಪುಗುಂಪಾಗಿ ತಟ್ಟೆಗಳ ಸುತ್ತ ಕುಳಿತು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ಕಾರ್ಡುಗಳ ಸಹಾಯದಿಂದ ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಏರುತ್ತಾರೆ. ಅವರು ಬರೆದ ಎಲೆ, ಹೂವು, ಹಕ್ಕಿಗಳ ಚಿತ್ರಗಳು ತಲೆಯ ಮೇಲಿನ ಚಪ್ಪರದಿಂದ ತೂಗುತ್ತವೆ. ವ್ಯವಸ್ಥೆಯೇನೋ ಸೊಗಸಾದುದೆ, ಆದರೆ ಇಡಿಯ ರಾಜ್ಯಕ್ಕೆಂದು ಅಚ್ಚಾದ ಕಾರ್ಡಿನಲ್ಲಿ ಪಂಚಗಂಗಾವಳಿಯ ಅಳಿವೆಯಾಗಲಿ ಕೊಲ್ಲೂರಿನ ಕಾಡಾಗಲಿ ಇರಲು ಸಾಧ್ಯವಿಲ್ಲವಾದುದರಿಂದ, ಆ ತೆರಪನ್ನು ತುಂಬುವ ಹೊಣೆ ಊರಿನ ಉಪಾಧ್ಯಾಯರ ಮೇಲೆ ಬೀಳುತ್ತದೆ.

ಇದಕ್ಕೆ ಅತ್ಯಂತ ಸರಳವೂ ಫಲಪ್ರದವೂ ಆದ ಉಪಾಯವೆಂದರೆ, ಒಂದನ್ನೊಂದು ಹೋಲುವ ಎರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿರಿಸಿ ಮಗುವಿನಿಂದಲೇ ಅವುಗಳ ಭೇದವನ್ನು ಹೇಳಿಸುವುದು. ಒಂದೇ ವಸ್ತುವನ್ನು ತೋರಿಸಿದರೆ ಮಗು ಅದರ ಹೆಸರನ್ನು ಕೇಳಿ ಸುಮ್ಮನಾಗುತ್ತದೆ. ಎರಡನ್ನು ತೋರಿಸಿದರೆ ನೋಡದೆ ಬೇರೆ ಗತಿಯಿಲ್ಲ.

ಬ್ರಹ್ಮಾವರದ ಬೈಲುಗಳಲ್ಲಿ ನೇಜಿ ನೆಟ್ಟು ಕೆಲವು ವಾರಗಳಾದ ಮೇಲೆ ಭತ್ತದ ಒಂದು ಸಸಿಯನ್ನೂ ಅದರ ನಡುವೆಯೇ ಬೆಳೆದು ಅದನ್ನೇ ಹೋಲುವ ಕಳೆಹುಲ್ಲಿನ ಒಂದು ಸಸಿಯನ್ನೂ ಕಿತ್ತು ತಂದು ಮಕ್ಕಳ ಕೈಗೆ ಕೊಡಬಹುದು. ಬಣ್ಣದಲ್ಲಿ, ಎತ್ತರದಲ್ಲಿ, ಎಲೆಯ ಆಕಾರದಲ್ಲಿ ವ್ಯತ್ಯಾಸವೇ ಇಲ್ಲವೆಂದು ಮೊದಲು ತೋರುವುದು. ಆದರೆ ಎಲೆಯ ಅಲಗು ಕಾಂಡವನ್ನು ಸುತ್ತಿದ ಕವಚದಿಂದ ಹೊರಮುರಿಯುವ ಸಂಧಿಯನ್ನು ಮೆಲ್ಲನೆ ಬಿಡಿಸಿ ನೋಡಿದರೆ, ಭತ್ತದಲ್ಲಿ ಕಾಗದಕ್ಕಿಂತಲೂ ತೆಳುವಾದ ಬಿಳಿಯ ಪೊರೆಯೊಂದು ನಾಲಗೆಯಂತೆ ಎದ್ದುನಿಂತಿರುತ್ತದೆ. ಕಳೆಯಲ್ಲಿ ಆ ಜಾಗ ಬರಿದಾಗಿರುತ್ತದೆ. ಒಮ್ಮೆ ಇದನ್ನು ಬೆರಳಿನಿಂದ ಬಿಡಿಸಿ ಕಂಡ ಮಗು ಜನ್ಮದಲ್ಲಿ ಮರೆಯಲಾರದು. ಬ್ರಹ್ಮಾವರದಲ್ಲಿರುವ ಕೃಷಿ ಸಂಶೋಧನಾ ಕೇಂದ್ರದ ಗದ್ದೆಗಳಿಗೆ ಆ ಬಳಿಕ ಕರೆದೊಯ್ದರೆ, ಭತ್ತದ ತಳಿತಳಿಗೂ ಇರುವ ಅಂತರವನ್ನು ಹುಡುಕುವ ಕುತೂಹಲವು ತಾನಾಗಿಯೇ ಮೊಳೆಯುವುದು.

ಕುಂದಾಪುರದ ಅಳಿವೆಯ ಅಂಚಿನಲ್ಲಿ ಪಾಠದ ಸ್ವರೂಪವೇ ಬೇರೆ. ಅಲ್ಲಿ ಕಾಂಡ್ಲಮರದ (ಮ್ಯಾಂಗ್ರೋವ್) ಒಂದು ಬಗೆ ಬುಡದಿಂದ ಆನಿಕೆಗಳಂಥ ಬೇರುಗಳನ್ನು ಇಳಿಬಿಟ್ಟು ಕೆಸರಿನಲ್ಲಿ ನಿಂತರೆ, ಇನ್ನೊಂದು ಬಗೆಯ ಬೇರುಗಳು ಕೆಸರಿನಿಂದಲೇ ಮೇಲಕ್ಕೆ ಚುಚ್ಚಿಕೊಂಡು ಬಂದು ಗಾಳಿಯನ್ನು ಹೀರುತ್ತವೆ. ಮೊದಲನೆಯದರ ಬೀಜವು ತಾಯಿಮರದಲ್ಲಿರುವಾಗಲೇ ಮೊಳೆತು, ಉದ್ದನೆಯ ಹಸುರು ಕಡ್ಡಿಯಾಗಿ ತೂಗಾಡಿ ಬೀಳುತ್ತದೆ. ಕಳಚಿ ಬಿದ್ದ ಅಂತಹದೊಂದನ್ನೂ ಒಂದು ತೆಂಗಿನಕಾಯಿಯನ್ನೂ ನೀರು ತುಂಬಿದ ತೊಟ್ಟಿಯಲ್ಲಿ ತೇಲಿಬಿಟ್ಟು, ಇವೆರಡೂ ನೀರಿನ ದಾರಿಯಲ್ಲಿ ಹೇಗೆ ಪಯಣಿಸುತ್ತವೆಂದು ಕೇಳಿದರೆ, ಉತ್ತರವನ್ನು ಮಕ್ಕಳೇ ಚರ್ಚಿಸಿ ಕಂಡುಕೊಳ್ಳುತ್ತಾರೆ.

ಕೋಡಿಯ ಕಡಲತಡಿಯಲ್ಲಿ ಕಡಲಾಮೆಗಳು ಮರಳನ್ನು ತೋಡಿ ಮೊಟ್ಟೆಯಿಡುತ್ತವೆ. ಅರಣ್ಯ ಇಲಾಖೆಯವರು ಅವನ್ನು ಬಲೆಯ ಆವರಣದಲ್ಲಿ ರಕ್ಷಿಸುತ್ತಾರೆ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬಂದು ಕಡಲಿನ ಕಡೆಗೆ ಸಾಗುತ್ತವೆ. ಕಾಯಿದೆಯ ರಕ್ಷಣೆಯುಳ್ಳ ಈ ಜೀವಿಗಳನ್ನು ಮುಟ್ಟಲಾಗದು, ಮುಟ್ಟಲೂಬಾರದು. ದೂರದಿಂದ ನೋಡಿ ಬಂದ ಮಕ್ಕಳಿಂದ ಕಡಲಾಮೆಯ ಕಾಲನ್ನೂ ಕೆರೆಯ ಆಮೆಯ ಕಾಲನ್ನೂ ಜೇಡಿಮಣ್ಣಿನಲ್ಲಿ ಮಾಡಿಸಿದರೆ, ಒಂದಕ್ಕೆ ಹುಟ್ಟಿನಂಥ ರೆಕ್ಕೆ, ಇನ್ನೊಂದಕ್ಕೆ ಉಗುರುಳ್ಳ ಬೆರಳು ಏಕೆಂಬ ಪ್ರಶ್ನೆ ಕೈಯಿಂದಲೇ ಹುಟ್ಟುತ್ತದೆ.

ಬೈಂದೂರು ಸೀಮೆಯ ಮಕ್ಕಳಿಗೆ 1974ರಲ್ಲಿ ಘೋಷಿತವಾದ ಮೂಕಾಂಬಿಕಾ ವನ್ಯಧಾಮವೇ ಶಾಲೆ. ನೀಳಬಾಲದ ಬೂದುಬಣ್ಣದ ಮುಸುವಕ್ಕೂ, ಕಪ್ಪು ಮೈಯ, ಮುಖದ ಸುತ್ತ ಬೂದು ಕೇಸರವುಳ್ಳ ಸಿಂಗಳೀಕಕ್ಕೂ ಇರುವ ಅಂತರವನ್ನು ಗುರುತಿಸಿದವನಿಗೆ, ಸಿಂಗಳೀಕವು ಮರದಿಂದ ಮರಕ್ಕೆ ಸಾಗಲು ಎಡೆಬಿಡದ ನಿತ್ಯಹರಿದ್ವರ್ಣದ ಕಾಡೇ ಏಕೆ ಬೇಕೆಂಬುದನ್ನು ತಿಳಿಸುವುದು ಕಷ್ಟವಲ್ಲ. ಸರಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ವನ್ನು ಇಂತಹ ನೋಟಕ್ಕೆ ಚೆನ್ನಾಗಿ ಬಳಸಿಕೊಳ್ಳಬಹುದು.

ಇದೆಲ್ಲ ಬರಿಯ ವಿನೋದವೆಂದು ಭಾವಿಸುವವರು ಆಟಿ ಅಮಾವಾಸ್ಯೆಯನ್ನು ನೆನೆಯಬೇಕು. ಆ ದಿನ ತುಳುನಾಡಿನ ಮನೆಗಳಲ್ಲಿ ಬೆಳಕು ಹರಿಯುವ ಮುನ್ನ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುವ ಸಂಪ್ರದಾಯವಿದೆ. ಕತ್ತಲೆಯಲ್ಲಿ ಮರ ತಪ್ಪಿ ಕಾಸರಕದ ವಿಷದ ತೊಗಟೆಯನ್ನು ತಂದು ಆಪತ್ತಿಗೊಳಗಾದವರೂ ಉಂಟು. ಹಾಲೆಯಲ್ಲಿ ಒಂದೇ ಗಿಣ್ಣಿನ ಸುತ್ತ ಏಳರಷ್ಟು ಎಲೆಗಳು ಚಕ್ರಾಕಾರವಾಗಿರುತ್ತವೆ, ಗಾಯವಾದಲ್ಲಿ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರೆದುರಾಗಿ ಜೋಡಿಜೋಡಿ, ಹಾಲಿಲ್ಲ. ಇಷ್ಟನ್ನು ಹಗಲಿನಲ್ಲಿ ಕಲಿತಿರುವುದು ಪ್ರಾಣರಕ್ಷಣೆಯ ವಿದ್ಯೆ.

ಆದುದರಿಂದ ಬೇಸಗೆಯ ರಜೆ ಮುಗಿದು ಶಾಲೆ ತೆರೆಯುವ ಮುನ್ನ ಪ್ರತಿಯೊಂದು ಊರಿನ ಉಪಾಧ್ಯಾಯರೂ ತಮ್ಮ ಸುತ್ತಿನ ಹತ್ತು ಜೋಡಿಗಳ ಪಟ್ಟಿಯೊಂದನ್ನು ಊರವರೊಡನೆ ಕುಳಿತು ಸಿದ್ಧಪಡಿಸಿಕೊಳ್ಳುವುದು ಉಚಿತ. ಗಂಗೊಳ್ಳಿಯ ಪಟ್ಟಿಯಲ್ಲಿ ಬಂಗುಡೆ ಮತ್ತು ಬೂತಾಯಿ, ಕೊಲ್ಲೂರಿನದರಲ್ಲಿ ಮರಗಳು, ಬಾರ್ಕೂರಿನದರಲ್ಲಿ ಪೈರುಗಳು ಬರಲಿ. ಮೀನು ಮಾರುವ ಅಕ್ಕನೂ, ನೇಜಿ ನೆಡುವ ಅಜ್ಜಿಯೂ, ಸೊಪ್ಪು ತರುವ ಅಜ್ಜನೂ ಹೀಗೆ ಶಾಲೆಗೆ ಗುರುಗಳಾದರೆ, ರಾಜ್ಯಕ್ಕೆಲ್ಲ ಒಂದೇ ಆಗಿರುವ ಕಾರ್ಡು ಈ ಊರಿನ ಮಗುವಿಗೂ ತನ್ನದಾಗುವುದು.