ಎಸ್ಪ್ರೆಸೊ ಯಂತ್ರ

ಎಸ್ಪ್ರೆಸೊ ಯಂತ್ರವು ನುಣ್ಣಗೆ ಬೀಸಿದ ಕಾಫಿಪುಡಿಯ ಮೂಲಕ ಬಿಸಿನೀರನ್ನು ಹೆಚ್ಚಿನ ಒತ್ತಡದಲ್ಲಿ ಹಾಯಿಸಿ ಗಾಢವಾದ ಕಾಫಿಯನ್ನು ತಯಾರಿಸುವ ಸಾಧನ. ಉಡುಪಿ ಹೋಟೆಲುಗಳ ಫಿಲ್ಟರ್ ಕಾಫಿಯಲ್ಲಿ ಡಿಕಾಕ್ಷನ್ ತನ್ನ ಭಾರದಿಂದಲೇ ನಿಧಾನವಾಗಿ ಕೆಳಗಿಳಿಯುತ್ತದೆ. ಈ ಯಂತ್ರದಲ್ಲಿ 25–30 ಸೆಕೆಂಡುಗಳು ಸಾಕಾಗುತ್ತವೆ.

ಇತಿಹಾಸ

ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆ ಬಳಸುವ ಕಾಫಿ ಯಂತ್ರಕ್ಕೆ ಪೇಟೆಂಟ್ ಪಡೆದರು. ಮಿಲಾನ್ ನಗರದ ಲುಯಿಜಿ ಬೆಜ್ಜೆರಾ 1901ರಲ್ಲಿ ಅದನ್ನು ಸುಧಾರಿಸಿ, ಪ್ರತಿಯೊಬ್ಬ ಗ್ರಾಹಕನಿಗೂ ಪ್ರತ್ಯೇಕವಾಗಿ ಕಾಫಿ ಇಳಿಸುವ ಯಂತ್ರವನ್ನು ರೂಪಿಸಿದರು. ಇಂತಹ ಯಂತ್ರಗಳಲ್ಲಿ ಹಬೆಯೇ ನೀರನ್ನು ತಳ್ಳುತ್ತಿದ್ದುದರಿಂದ ಒತ್ತಡ ಹೆಚ್ಚಿಸಲು ಬಿಸಿಯನ್ನೂ ಹೆಚ್ಚಿಸಬೇಕಾಗುತ್ತಿತ್ತು, ಕಾಫಿ ಕಹಿಯಾಗುತ್ತಿತ್ತು. 1940ರ ದಶಕದ ಕೊನೆಯಲ್ಲಿ ಅಕಿಲ್ಲೆ ಗಾಜಿಯಾ ಸನ್ನೆ ಮತ್ತು ಸ್ಪ್ರಿಂಗ್‌ನಿಂದ ಚಲಿಸುವ ಪಿಸ್ಟನ್ ಅಳವಡಿಸಿ ಒತ್ತಡವನ್ನು ಬಿಸಿಯಿಂದ ಬೇರ್ಪಡಿಸಿದರು. ಕಾಫಿಯ ಮೇಲೆ ‘ಕ್ರೆಮಾ’ ಎಂಬ ಹೊಂಬಣ್ಣದ ನೊರೆ ಮೂಡತೊಡಗಿದ್ದು ಆಗಲೇ. 1961ರ ಫಾಯೆಮಾ ಇ61 ಮಾದರಿಯಲ್ಲಿ ಪಿಸ್ಟನ್ನಿನ ಸ್ಥಾನಕ್ಕೆ ವಿದ್ಯುತ್ ಪಂಪು ಬಂದಿತು.

ರಚನೆ

ವಾಣಿಜ್ಯ ಯಂತ್ರದ ಬಾಯ್ಲರಿನಲ್ಲಿ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿರುತ್ತದೆ. ಇದರ ಹಬೆಯಿಂದ ಹಾಲನ್ನು ಕಾಯಿಸಿ ನೊರೆ ಬರಿಸುತ್ತಾರೆ. ಆದರೆ ಕಾಫಿ ಇಳಿಸಲು 90–96 ಡಿಗ್ರಿಯ ನೀರು ಬೇಕು. ಆದ್ದರಿಂದ ತಣ್ಣೀರನ್ನು ಬಾಯ್ಲರಿನೊಳಗಿನ ಪ್ರತ್ಯೇಕ ಕೊಳವೆಯಲ್ಲಿ ಹರಿಸಿ ಹದವಾಗಿ ಬಿಸಿಮಾಡಲಾಗುತ್ತದೆ. ಕೆಲವು ಯಂತ್ರಗಳಲ್ಲಿ ಎರಡು ಬಾಯ್ಲರುಗಳಿರುತ್ತವೆ.

ಪಂಪು ಸುಮಾರು 9 ಬಾರ್ ಒತ್ತಡ ನೀಡುತ್ತದೆ. 58 ಮಿ.ಮೀ. ವ್ಯಾಸದ ಸೋಸುಬಟ್ಟಲಿನ ಮೇಲೆ ಇದು ಸುಮಾರು 240 ಕೆ.ಜಿ. ಭಾರಕ್ಕೆ ಸಮ. ಕಾಫಿ ಇಳಿದ ಬಳಿಕ ಮೂರು ದಾರಿಯ ಕವಾಟವು ಉಳಿದ ಒತ್ತಡವನ್ನು ಹೊರಬಿಡುತ್ತದೆ; ಇಲ್ಲವಾದರೆ ಹಿಡಿಕೆ ಬಿಚ್ಚುವಾಗ ಬಿಸಿ ಪುಡಿ ಸಿಡಿದು ಕೈ ಸುಡುವ ಅಪಾಯವಿದೆ. ಬಾಯ್ಲರಿನ ಒತ್ತಡ ಮಿತಿ ಮೀರಿದರೆ ಸುರಕ್ಷತಾ ಕವಾಟ ತೆರೆದುಕೊಳ್ಳುತ್ತದೆ.

ನೀರು ಮತ್ತು ಹವಾಮಾನ

ಗಡಸು ನೀರಿನಿಂದ ಬಾಯ್ಲರಿನಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಕರಾವಳಿಯ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೃದುವಾಗಿದ್ದು ತುಸು ಆಮ್ಲೀಯವಾಗಿರುತ್ತದೆ. ಇಂತಹ ನೀರು ತಾಮ್ರ ಮತ್ತು ಹಿತ್ತಾಳೆಯ ಭಾಗಗಳನ್ನು ಸವೆಸಬಲ್ಲದು. ಕಡಲಂಚಿನ ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪಿನಂಶ ಸೇರಿದರೆ ಉಕ್ಕಿನ ಬಾಯ್ಲರಿಗೂ ತುಕ್ಕಿನ ಭಯವಿದೆ. ಹೀಗಾಗಿ ಯಂತ್ರಕ್ಕೆ ಶೋಧಕ ಆರಿಸುವ ಮೊದಲು ನೀರನ್ನು ಪರೀಕ್ಷಿಸುವುದು ಅಗತ್ಯ. ಮಳೆಗಾಲದಲ್ಲಿ ಕಾಫಿ ತೇವ ಹೀರಿಕೊಂಡು ನೀರಿನ ಹರಿವು ಬದಲಾಗುವುದರಿಂದ ಬೀಸುವ ನಯವನ್ನು ಆಗಾಗ ಹೊಂದಿಸಬೇಕಾಗುತ್ತದೆ.

ಕರ್ನಾಟಕದಲ್ಲಿ

1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಆರಂಭವಾದ ಕೆಫೆ ಕಾಫಿ ಡೇ ಎಸ್ಪ್ರೆಸೊ ಆಧಾರಿತ ಪೇಯಗಳನ್ನು ಜನಪ್ರಿಯಗೊಳಿಸಿತು. ಮದುವೆ ಸಮಾರಂಭಗಳಲ್ಲಿ ‘ಎಸ್ಪ್ರೆಸೊ’ ಎಂದು ಕರೆಯಲಾಗುವ ಪಾನೀಯವು ಹೆಚ್ಚಾಗಿ ಹಾಲು, ಸಕ್ಕರೆ ಮತ್ತು ದಿಢೀರ್ ಕಾಫಿಪುಡಿಗೆ ಹಬೆ ಹಾಯಿಸಿ ಮಾಡಿದ್ದು. ಅದರಲ್ಲಿ ಒತ್ತಡದಿಂದ ಕಾಫಿಯ ಸಾರ ತೆಗೆಯುವ ಕ್ರಿಯೆ ಇರುವುದಿಲ್ಲ.