ಬೀದಿ ಬದಿಯ ಬುಟ್ಟಿಗೂ ದಿಲ್ಲಿಗೂ ಏನು ನಂಟು?

ಬೆಳಗಿನ ಹೊತ್ತು. ಪೇಟೆ ಬೀದಿ. ಒಬ್ಬ ತಾಯಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಾಳೆ. ಹತ್ತು ವರ್ಷದಿಂದ ಅದೇ ಜಾಗ. ಒಂದು ದಿನ ಒಬ್ಬ ಬಂದು ಹೇಳುತ್ತಾನೆ:

"ಏಳಮ್ಮಾ, ಇನ್ನು ಮೇಲೆ ಇದು ಗಾಡಿ ನಿಲ್ಲಿಸೋ ಜಾಗ."

"ಯಾರಪ್ಪಾ ಹೇಳಿದ್ದು?"

"ಮೇಲಿನವರು."

ಆ ತಾಯಿ ಸುಮ್ಮನೆ ಬುಟ್ಟಿ ಎತ್ತಿಕೊಂಡು ಹೋಗುತ್ತಾಳೆ. ಅವತ್ತು ಮನೆಯಲ್ಲಿ ಒಲೆ ಹತ್ತುವುದೇ ಕಷ್ಟ.

ಅಕ್ಕ ತಂಗಿಯರೇ, ಈ "ಮೇಲಿನವರು" ಅಂದರೆ ಯಾರು? ತಿಳಿದುಕೊಳ್ಳೋಣ ಬನ್ನಿ.

ಮೂರು ಸರ್ಕಾರಗಳು

ನಮಗೆ ಮೂರು ಸರ್ಕಾರಗಳಿವೆ. ದಿಲ್ಲಿಯಲ್ಲಿ ಕೇಂದ್ರ ಸರ್ಕಾರ. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರ. ನಮ್ಮ ಪಟ್ಟಣದಲ್ಲಿ ಪುರಸಭೆ ಅಥವಾ ನಗರಸಭೆ. ಇದು ಊರಿನ ಸರ್ಕಾರ.

ಹೊಲಕ್ಕೆ ಬದು ಇರುತ್ತದೆ ಅಲ್ಲವೇ? ಬದುವಿನ ಒಳಗೆ ಉಳುವವರು ನಾವು. ಬದು ದಾಟಿದರೆ ತಕರಾರು. ಹಾಗೆಯೇ ಊರಿನ ಕೆಲಸ ಮಾಡುವುದು ಪುರಸಭೆ. ದಿಲ್ಲಿಯವರು ಬಂದು ನಮ್ಮ ಬೀದಿಯಲ್ಲಿ ಗೆರೆ ಎಳೆಯುವುದಿಲ್ಲ. ಆದರೆ ಬದು ಹಾಕಿದ್ದಾರೆ. ಪುರಸಭೆ ಅದರ ಒಳಗೇ ನಡೆಯಬೇಕು.

ಊರಿನ ಯೋಜನೆ

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಪುರಸಭೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಅದರಲ್ಲಿದೆ. ಊರಿನ ಯೋಜನೆ ಮಾಡುವುದು, ಬೀದಿ ದೀಪ, ಬಸ್ ನಿಲ್ದಾಣ, ಗಾಡಿ ನಿಲ್ಲಿಸುವ ಜಾಗ, ಎಲ್ಲವೂ ಆ ಪಟ್ಟಿಯಲ್ಲಿವೆ. ಯಾವುದನ್ನು ಎಷ್ಟು ವಹಿಸಬೇಕು ಅಂತ ರಾಜ್ಯ ಸರ್ಕಾರ ಕಾನೂನು ಮಾಡುತ್ತದೆ. ಪುರಸಭೆಯ ಸದಸ್ಯರಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರಿರಬೇಕು ಅಂತಲೂ ಆ ತಿದ್ದುಪಡಿ ಹೇಳುತ್ತದೆ.

ಗಾಡಿ ನಿಲ್ಲಿಸುವ ಜಾಗ

ಇದಕ್ಕೆ 1988ರ ಮೋಟಾರು ವಾಹನ ಕಾಯ್ದೆ ಇದೆ. ಇದು ದೇಶಕ್ಕೆಲ್ಲ ಒಂದೇ ಕಾಯ್ದೆ. ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ರಾಜ್ಯ ಸರ್ಕಾರ ಅಥವಾ ಅದು ನೇಮಿಸಿದ ಅಧಿಕಾರಿ ಗೊತ್ತುಮಾಡಬೇಕು. ಊರಿನ ಸಂಸ್ಥೆಯ ಜೊತೆ ಸಮಾಲೋಚಿಸಿಯೇ ಮಾಡಬೇಕು. ಯಾರೋ ದಾರಿಹೋಕ ಬಂದು "ಇದು ಪಾರ್ಕಿಂಗ್ ಜಾಗ" ಅಂದರೆ ಅದು ಆದೇಶ ಆಗುವುದಿಲ್ಲ.

ವ್ಯಾಪಾರದ ತೆರಿಗೆ

ಪುರಸಭೆ ತನಗೆ ಬೇಕಾದ ತೆರಿಗೆ ಹಾಕುವ ಹಾಗಿಲ್ಲ. ರಾಜ್ಯದ ಕಾನೂನು ಒಪ್ಪಿದ ತೆರಿಗೆ ಮಾತ್ರ ಹಾಕಬಹುದು. ಇನ್ನು ಕೆಲವಕ್ಕೆ ಸಂವಿಧಾನವೇ ಮಿತಿ ಹಾಕಿದೆ. ವೃತ್ತಿ ತೆರಿಗೆ ನೋಡಿ. ರಾಜ್ಯವೇ ಹಾಕಲಿ, ಪುರಸಭೆಯೇ ಹಾಕಲಿ, ಒಬ್ಬರಿಗೆ ವರ್ಷಕ್ಕೆ 2,500 ರೂಪಾಯಿ ಮೀರಬಾರದು. ಕರ್ನಾಟಕದಲ್ಲಿ ಈ ತೆರಿಗೆಯನ್ನು ರಾಜ್ಯ ಸರ್ಕಾರವೇ ವಸೂಲಿ ಮಾಡುತ್ತದೆ.

ದಿಲ್ಲಿಯ ಇನ್ನೊಂದು ಹಿಡಿತ ದುಡ್ಡಿನದು. ಊರಿನ ಸಂಸ್ಥೆಗಳಿಗೆ ಕೇಂದ್ರದಿಂದ ಅನುದಾನ ಬರುತ್ತದೆ. ಅದರ ಜೊತೆ ಷರತ್ತೂ ಬರುತ್ತದೆ. 15ನೇ ಹಣಕಾಸು ಆಯೋಗ 2021ರಿಂದ 2026ರ ವರೆಗಿನ ಅನುದಾನಕ್ಕೆ ಹೀಗೆ ಹೇಳಿತು: ಲೆಕ್ಕಪತ್ರವನ್ನು ಎಲ್ಲರೂ ನೋಡುವಂತೆ ಇಂಟರ್‌ನೆಟ್‌ನಲ್ಲಿ ಇಡಿ. ಪಟ್ಟಣಗಳಲ್ಲಿ ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತುಮಾಡಿ.

ಬೀದಿ ವ್ಯಾಪಾರಿಗಳ ಕಾಯ್ದೆ

ಈಗ ಸೊಪ್ಪಿನ ತಾಯಿಯ ವಿಷಯಕ್ಕೆ ಬರೋಣ. ಅವಳಿಗಾಗಿಯೇ ಒಂದು ಕಾಯ್ದೆ ಇದೆ. 2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಕಾಯ್ದೆ ಮಾಡಿತು. ಅದರಲ್ಲಿ ಏನಿದೆ?

ಐದು ವರ್ಷಕ್ಕೆ ಒಮ್ಮೆಯಾದರೂ ಬೀದಿ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಅಂದರೆ ಎಣಿಕೆ. ಎಣಿಕೆ ಮುಗಿದು ವ್ಯಾಪಾರದ ಪ್ರಮಾಣ ಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು.

ಪತ್ರ ಇರುವವರನ್ನು ಅವರ ಜಾಗದಿಂದ ಎಬ್ಬಿಸಬೇಕಾದರೆ 30 ದಿನ ಮೊದಲು ನೋಟಿಸ್ ಕೊಡಬೇಕು.

ಮಾಲು ವಶ ಮಾಡಿಕೊಂಡರೆ ಅದರ ಪಟ್ಟಿ ಕೊಡಬೇಕು. ಸೊಪ್ಪು, ಹಣ್ಣು, ಹೂವು ಬೇಗ ಕೆಡುತ್ತವೆ. ಶುಲ್ಕ ಕಟ್ಟಿ ಕೇಳಿದ ದಿನವೇ ಅವನ್ನು ವಾಪಸ್ ಕೊಡಬೇಕು.

ಪ್ರತಿ ಪಟ್ಟಣದಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನೂರಕ್ಕೆ 40 ಮಂದಿಗೆ ಕಡಿಮೆ ಇಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು. ಅವರನ್ನು ವ್ಯಾಪಾರಿಗಳೇ ಆರಿಸಬೇಕು. ಅವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು. ಎಲ್ಲಿ ವ್ಯಾಪಾರ, ಎಷ್ಟು ಹೊತ್ತು ವ್ಯಾಪಾರ ಅನ್ನುವ ಯೋಜನೆಗೆ ಈ ಸಮಿತಿಯನ್ನು ಕೇಳಬೇಕು.

ಕೇಳಿದಿರಾ? ದಿಲ್ಲಿ ಹಾಕಿದ ಬದು ನಮ್ಮನ್ನು ತಡೆಯುವುದಕ್ಕೆ ಮಾತ್ರ ಅಲ್ಲ. ನಮ್ಮನ್ನು ಕಾಯುವುದಕ್ಕೂ ಇದೆ. ಆದರೆ ಕಾಯ್ದೆ ತಾನಾಗಿ ನಡೆದುಕೊಂಡು ಬೀದಿಗೆ ಬರುವುದಿಲ್ಲ. ನಾವು ಕೇಳಬೇಕು.

ಆ ತಾಯಿ ಈಗ ಓದು ಕಲಿತಿದ್ದಾಳೆ ಅನ್ನಿ. ಆಗ ಅವಳು ಸುಮ್ಮನೆ ಏಳುವುದಿಲ್ಲ. ಹೀಗೆ ಕೇಳುತ್ತಾಳೆ:

"ಆದೇಶ ಎಲ್ಲಿದೆ? ತೋರಿಸಪ್ಪಾ. ನಾನೇ ಓದುತ್ತೀನಿ."

ನೆನಪಿಡೋಣ

ಸುಂಕ ಕೊಟ್ಟರೆ ರಸೀದಿ ಕೇಳೋಣ. ಅದರಲ್ಲಿ ಬರೆದ ಮೊತ್ತ ಓದೋಣ.

ಎಣಿಕೆಗೆ ಬಂದಾಗ ಹೆಸರು ಬರೆಸೋಣ. ಪತ್ರ ಜೋಪಾನ ಮಾಡೋಣ.

ಒಬ್ಬರೇ ಹೋಗದೆ, ನಾಲ್ಕು ಜನ ಕೂಡಿ ಪುರಸಭೆಗೆ ಹೋಗೋಣ.

ಮಾತಾಡೋಣ

1. ನಿಮ್ಮ ಊರಿನಲ್ಲಿ ಬೀದಿ ವ್ಯಾಪಾರಿಗಳ ಎಣಿಕೆ ಆಗಿದೆಯೇ?

2. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಎಷ್ಟು ಮಂದಿ ಹೆಂಗಸರಿದ್ದಾರೆ?

3. ನಿಮ್ಮ ಸಂತೆಯಲ್ಲಿ ಸುಂಕ ಎಷ್ಟು? ದರದ ಹಲಗೆ ಹಾಕಿದ್ದಾರೆಯೇ?